ಸುಳ್ಳು ಸೀರೆಯೊಂದಿಗೆ ಅಟ್ಲಾಂಟಾದವರೆಗೆ

ಅಮೆರಿಕದಲ್ಲಿ ಏನೇನು ನೋಡಿದಿರಿ ಎಂದು ನಮ್ಮ ಹೈಸ್ಕೂಲಿನ ಟೀಚರುಗಳು ಇವತ್ತಿಗೂ ಕೇಳುತ್ತಾರೆ. ಹಳೆಯ ಬಟ್ಟೆ ನೋಡಿದೆ ಎಂದರೆ ನಗುತ್ತಾರೆ. ನಗಲಿ. ಅಲ್ಲಿನ ಅಧ್ಯಕ್ಷರ ಬಿಳಿಯ ಮನೆಯನ್ನು ನಾನು ನೋಡಿದ್ದು ಓಡುವ ಕಾರಿನಿಂದ, ಅದೂ ಅರ್ಧ. ಉಳಿದರ್ಧಕ್ಕೆ ಒಂದು ಬಸ್ಸು ಅಡ್ಡ ಬಂತು. ನಯಾಗರಾದ ಕಡೆಗೆ ತಲೆ ಹಾಕಿ ಮಲಗಲೂ ಇಲ್ಲ. ಮೂರು ವಾರ ನಾನು ನೋಡಿದ್ದು ಸತ್ತುಹೋದ ಹೆಂಗಸರ ಗೌನುಗಳು, ಬಲೆ ಇಳಿಬಿಟ್ಟ ಟೋಪಿಗಳು, ಮೊಣಕೈವರೆಗೆ ಬರುವ ಕೈಗವಸುಗಳು. ಅವುಗಳ ನಡುವೆ ನನ್ನ ತಂಗಿ ವಿಮಲೆಯ ಮುಖ.

ನಾನು ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಹೊಲಿಗೆ ಟೀಚರು, ಹೆಸರು ನಾಗರತ್ನ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರು ಈಗೀಗ ಕಡಿಮೆಯಾಗಿದ್ದಾರೆ, ನನ್ನ ಪುಣ್ಯ. ಅಮ್ಮ ಹೋಗುವವರೆಗೂ ಅಮ್ಮನ ಜೊತೆಗಿದ್ದೆ. ವಿಮಲೆ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಡಾಕ್ಟರ್ ಶ್ರೀನಾಥನನ್ನು ಮದುವೆಯಾಗಿ ಅಮೆರಿಕಕ್ಕೆ ಹೋದಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ವರ್ಷ, ಗೌರಿ ಹಬ್ಬಕ್ಕೆ ಸರಿಯಾಗಿ ನನ್ನನ್ನು ಕರೆಸಿಕೊಂಡಳು.

ಕೊಲಂಬಿಯಾ, ಮೇರಿಲ್ಯಾಂಡ್

ವಾಷಿಂಗ್ಟನ್ನಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನನ್ನ ಸೂಟ್‌ಕೇಸ್ ತೆಗೆಸಿದ. ಚಟ್ನಿಪುಡಿ ಮೂಸಿ ಸೀನಿದ. ಹುಣಸೆ ತೊಕ್ಕಿನ ಬಾಟಲಿಯನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿದ. ಕೊನೆಗೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ರೇಷ್ಮೆ ಸೀರೆಯನ್ನು ಬಿಚ್ಚಿ, ಇದು ಯಾರದು ಎಂದು ಕೇಳಿದ. ನಮ್ಮ ತಾಯಿಯದು, ತೀರಿಹೋದರು ಎಂದೆ. ಆ ದಢೂತಿ ಮನುಷ್ಯ ಮುಖ ಸಣ್ಣದು ಮಾಡಿಕೊಂಡು, ಮಗುವನ್ನು ಮಲಗಿಸುವ ಹಾಗೆ ಅದನ್ನು ಮಡಿಸಿ ಒಳಗಿಟ್ಟ. ಅಮೆರಿಕದ ನೆಲದ ಮೇಲೆ ನಾನಾಡಿದ ಮೊದಲ ಮಾತೇ ಸುಳ್ಳು.

ಅದು ಅಮ್ಮನ ಸೀರೆಯಲ್ಲ. ಓದುವವರಿಗೆ ಇದನ್ನು ಈಗಲೇ ಹೇಳಿಬಿಡುತ್ತೇನೆ. ತಂಗಿಗೆ ಹೇಳಲು ನನಗೆ ಎರಡು ವರ್ಷವೂ ಎರಡು ವಾರವೂ ಹಿಡಿಯಿತು.

ಅಮ್ಮ ಕಾಯಿಲೆ ಬಿದ್ದು ತಿಂಗಳೊಪ್ಪತ್ತು ಮಲಗಿದ್ದಾಗ ವಿಮಲೆ ಬರಲಿಲ್ಲ. ಅಲ್ಲಿ ಕಾಯಂ ಆಗಿ ಇರುವುದಕ್ಕೆ ಅರ್ಜಿ ಹಾಕಿದ್ದರಂತೆ, ಅರ್ಧದಲ್ಲಿ ದೇಶ ಬಿಟ್ಟರೆ ಮತ್ತೆ ಒಳಗೆ ಸೇರಿಸುವುದಿಲ್ಲ ಎಂದು ವಕೀಲ ಹೇಳಿದನಂತೆ. ಅಮ್ಮ ತೀರಿಕೊಂಡಾಗಲೂ ಅದೇ ಕಾರಣಕ್ಕೆ ಬರಲಿಲ್ಲ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ, "ಹಳೇ ಜರೀ ಸೀರೇ" ಎಂದು ಕೂಗುತ್ತ ಬೀದಿಯಲ್ಲಿ ಒಬ್ಬ ಬಂದ. ಹಳೆಯ ರೇಷ್ಮೆ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುತ್ತಾರೆ, ಜರಿ ಸುಟ್ಟು ಬೆಳ್ಳಿ ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ಯಾರ ಮನೆಯಲ್ಲಿ ಕೊಟ್ಟಿಲ್ಲ ಹೇಳಿ? ನಾನು ಒಳಗೆ ಹೋಗಿ ಅಮ್ಮನ ಧಾರೆ ಸೀರೆಯನ್ನೇ ತಂದು ಹಾಕಿದೆ. ಹಸಿರು ಒಡಲು, ಕೆಂಪು ಅಂಚು. ಅಷ್ಟು ಕೋಪ ನನಗೆ. ಅವನು ಜಗುಲಿಯ ಮೇಲೆ ಕೂತು, ನನ್ನ ಕಣ್ಣೆದುರಿಗೇ ಅಂಚನ್ನು ಪರ್ರನೆ ಹರಿದು ಬೇರೆ ಮಾಡಿಕೊಂಡು ಹೋದ. ಒಂದು ಸ್ಟೀಲ್ ಬಿಂದಿಗೆ ಬಂತು.

ಮೂರು ವಾರದ ಮೇಲೆ ವಿಮಲೆಯ ಕಾಗದ. "ಅಕ್ಕ, ಒಡವೆ ಬೇಡ, ಏನೂ ಬೇಡ. ಅಮ್ಮನ ಧಾರೆ ಸೀರೆ ಒಂದು ಎತ್ತಿಟ್ಟಿರು." ಇಟ್ಟಿದ್ದೇನೆ ಎಂದು ಬರೆದೆ.

ಆಮೇಲಿನದು ಕೇಳಿದರೆ ನೀವು ನನ್ನ ಮುಖ ನೋಡಲಿಕ್ಕಿಲ್ಲ. ನಂಜನಗೂಡಿನ ದೂರದ ಸಂಬಂಧಿಯೊಬ್ಬರ ಪೆಟ್ಟಿಗೆಯಲ್ಲಿ ಅದೇ ಕಾಲದ, ಅದೇ ಬಣ್ಣದ ಸೀರೆಯೊಂದು ಇತ್ತು. ಅಂಚು ಒಂದು ಬೆರಳಿನಷ್ಟು ಕಡಿಮೆ. ಕಾಡಿ ಬೇಡಿ ತಂದೆ. ವಿಮಲೆ ಐದು ವರ್ಷದವಳಿದ್ದಾಗ ಅಮ್ಮನ ಸೆರಗು ಹಿಡಿದು ಓಡಿ ಕಿಟಕಿಯ ಮೊಳೆಗೆ ಸಿಕ್ಕಿಸಿ ಹರಿದಿದ್ದಳು, ಅಮ್ಮ ಅದನ್ನು ರಫೂ ಮಾಡಿದ್ದಳು. ಆದ್ದರಿಂದ ನಾನೂ ಸೆರಗನ್ನು ಅದೇ ಅಳತೆಗೆ ಹರಿದೆ. ರಫೂ ಮಾಡಿದೆ. ಅಮ್ಮ ಎಳೆಗಳನ್ನು ಸ್ವಲ್ಪ ಓರೆಯಾಗಿ ಎಳೆಯುತ್ತಿದ್ದಳು, ನಾನೂ ಓರೆಯಾಗಿ ಎಳೆದೆ. ದಾರ ಹೊಸದಾಗಿ ಕಾಣಬಾರದೆಂದು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ್ದೆ. ಇಪ್ಪತ್ತಾರು ವರ್ಷ ಮಕ್ಕಳಿಗೆ ಕಲಿಸಿದ ವಿದ್ಯೆಯನ್ನೆಲ್ಲ ಆ ನಾಲ್ಕು ಬೆರಳಿನ ಜಾಗದಲ್ಲಿ ಸುರಿದೆ.

ಕೊಲಂಬಿಯಾ ಎನ್ನುವುದು ನಕ್ಷೆ ಬರೆದುಕೊಂಡು ಕಟ್ಟಿದ ಊರು. ಕೆರೆ, ರಸ್ತೆ, ಮರ, ಎಲ್ಲವೂ ಹೊಸದು. ಮನೆಗಳಿಗೆ ಕಾಂಪೌಂಡಿಲ್ಲ, ಬೀದಿಯಲ್ಲಿ ಜನರಿಲ್ಲ. ಮೊದಲ ದಿನ ಸಂಜೆ ಒಬ್ಬಳೇ ತಿರುಗಾಡಲು ಹೋಗಿ, ಎಲ್ಲ ಮನೆಯೂ ಒಂದೇ ಥರ ಕಂಡು, ಬೇರೆ ಯಾರದೋ ಅಡಿಗೆಮನೆಗೆ ಹಿತ್ತಲಿನಿಂದ ನುಗ್ಗಿಬಿಟ್ಟೆ. ಆ ಮನೆಯಾಕೆ ಕಿರುಚಲಿಲ್ಲ, ಕಾಫಿ ಬೇಕೆ ಎಂದು ಕೇಳಿದಳು.

ಅಂಥ ಹೊಸ ಊರಿನಲ್ಲಿ ನನ್ನ ತಂಗಿಯ ನೆಲಮಾಳಿಗೆಯ ತುಂಬ ಹಳೆಯ ಬಟ್ಟೆ. ಮೂವತ್ತು ನಲವತ್ತು ವರ್ಷದ ಹಿಂದಿನ ಫ್ರಾಕುಗಳು, ಕೋಟುಗಳು, ಪ್ರತಿಯೊಂದೂ ಹ್ಯಾಂಗರಿನಲ್ಲಿ. ಶ್ರೀನಾಥ ನಕ್ಕು ಹೇಳಿದ, "ನೋಡಿ ಅಕ್ಕ, ನಾನು ಹೊಸ ಪೇಷಂಟ್ಸ್ ಹುಡುಕ್ತೀನಿ, ಇವಳು ಹಳೇ ಬಟ್ಟೆ ಹುಡುಕ್ತಾಳೆ. ವೀಕೆಂಡ್ ಬಂದ್ರೆ ಸಾಕು, ಡ್ರೈವ್ ಮಾಡ್ಕೊಂಡು ಹೊರಟ್ಲು."

"ಸತ್ತವರ ಬಟ್ಟೆ ಮನೇಲಿಟ್ಕೊಂಡಿದೀಯಲ್ಲೇ!" ಎಂದೆ.

"ಅಕ್ಕ, ಮೊದಲು ಅಮ್ಮನ ಸೀರೆ ಕೊಡು," ಎಂದಳು ವಿಮಲೆ.

ಕೊಟ್ಟೆ. ಅವಳು ಸೋಫಾದ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತಳು. ಮಡಿಕೆ ಬಿಚ್ಚಿ ಸೀದಾ ಸೆರಗಿಗೆ ಹೋದಳು. ಬೆರಳು ಆಡಿಸುತ್ತ ಆಡಿಸುತ್ತ ರಫೂವಿನ ಮೇಲೆ ನಿಂತಿತು.

"ಇಲ್ಲೇ! ನೋಡಕ್ಕ, ಇಲ್ಲೇ! ಮೊಳೆ! ಅಮ್ಮ ಹೊಡೀಲೂ ಇಲ್ಲ ನನ್ನ. ಕೂತ್ಕೊಂಡು ಹೊಲಿದ್ಲು," ಎಂದು ಅದಕ್ಕೆ ಮುಖ ಒತ್ತಿಕೊಂಡು ಅತ್ತಳು. ನಾನು ಗೆದ್ದಿದ್ದೆ. ಅಂಥ ಗೆಲುವು ನನ್ನ ಶತ್ರುವಿಗೂ ಬೇಡ.

ಉತ್ತರ ಕೆರೊಲಿನಾ

ಅಟ್ಲಾಂಟಾದ ಸ್ನೇಹಿತರ ಮನೆಯಲ್ಲಿ ಗೌರಿ ಹಬ್ಬ. ಅಲ್ಲಿಗೆ ಕಾರಿನಲ್ಲೇ ಹೋಗೋಣ, ದಾರಿಯಲ್ಲಿ ಹಳೆಯ ಊರುಗಳಿವೆ ಎಂದಳು ವಿಮಲೆ. ಪಕ್ಕಕ್ಕೆ ಮರದ ಹಲಗೆ ಬಡಿದಂತೆ ಕಾಣುವ ಅವಳ ಉದ್ದ ಕಾರಿನ ಹಿಂಭಾಗದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದಳು. ಶ್ರೀನಾಥನಿಗೆ ಆಸ್ಪತ್ರೆ ಡ್ಯೂಟಿ. ನಾವಿಬ್ಬರೇ ಹೊರಟೆವು. ಅವಳು ನಲವತ್ತರ ದಶಕದ ಭುಜ ಎತ್ತಿದ ಫ್ರಾಕು ಹಾಕಿದ್ದಳು, ನಾನು ಕೈಮಗ್ಗದ ಸೀರೆಯ ಮೇಲೆ ಅವಳ ಗಂಡನ ಸ್ವೆಟರು. ಪೆಟ್ರೋಲು ಹಾಕುವವನು ನಮ್ಮಿಬ್ಬರನ್ನೂ ನೋಡಿ, ನಾಟಕದವರೇ ಎಂದು ಕೇಳಿದ.

ಬೆಳಗಿನ ತಿಂಡಿಗೆ ರಸ್ತೆ ಬದಿಯ ಪುಟ್ಟ ಹೋಟೆಲು. ಅದರ ಗೋಡೆಯ ಮೇಲೆ ತುಕ್ಕು ಹಿಡಿದ ಬೋರ್ಡುಗಳು, ಮೂಲೆಯಲ್ಲಿ ಹಾಡಿನ ಪೆಟ್ಟಿಗೆ. ಬಡಿಸುವ ಹೆಂಗಸು ನನ್ನನ್ನು "ಹನಿ" ಎಂದು ಕರೆದಳು. ಐವತ್ತು ವರ್ಷದಲ್ಲಿ ನನ್ನನ್ನು ಜೇನು ಎಂದವರು ಇವಳೊಬ್ಬಳೇ. "ಗ್ರಿಟ್ಸ್" ಎಂದು ಏನೋ ತಂದಿಟ್ಟಳು. ನೋಡಿದರೆ ನಮ್ಮ ಜೋಳದ ನುಚ್ಚು, ಒಗ್ಗರಣೆಯಿಲ್ಲದ ನೀರು ಉಪ್ಪಿಟ್ಟು. ಪರ್ಸಿನಿಂದ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿಕೊಂಡೆ. ಆಕೆ ತಾನೂ ಒಂದು ಚಮಚ ಕೇಳಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತ ಅಡಿಗೆಯವನನ್ನು ಕರೆದು ತಿನ್ನಿಸಿದಳು. ವಿಮಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅವಳ ಮದುವೆಗೆ ಮುಂಚೆ ನೋಡಿದ್ದು.

ಮಧ್ಯಾಹ್ನ ಒಂದು ಮನೆಗೆ ಹೋದೆವು. ಆ ದೇಶದಲ್ಲಿ ಹೀಗೊಂದು ಪದ್ಧತಿ: ಮನೆಯ ಹಿರಿಯರು ಸತ್ತರೆ ಬಾಗಿಲು ಹಾರು ಹೊಡೆದಿಟ್ಟು, ಒಳಗಿರುವುದನ್ನೆಲ್ಲ ಮಾರುತ್ತಾರೆ. ಯಾರೆಂದರೆ ಯಾರು ಬೇಕಾದರೂ ಮಲಗುವ ಕೋಣೆಗೆ ಹೋಗಿ ಬೀರು ತೆರೆಯಬಹುದು. ಸತ್ತ ಅಜ್ಜಿಯ ಕನ್ನಡಕ, ಕೋಲು, ಹೊದಿಕೆ ಎಲ್ಲಕ್ಕೂ ಚೀಟಿ. ಸೂತಕದ ಮನೆಯಲ್ಲಿ ನಾವು ಲೋಟ ನೀರು ಕುಡಿಯುವುದಿಲ್ಲ, ಇವರು ಕಾಫಿ ಹೀರುತ್ತ ತಲೆದಿಂಬು ಒತ್ತಿ ನೋಡುತ್ತಿದ್ದರು. ನಾನು ಹೊಸ್ತಿಲಲ್ಲೇ ನಿಂತೆ.

ಸತ್ತಾಕೆಯ ಮಗಳು, ಅವಳೂ ಅರವತ್ತರ ಮೇಲಿನವಳು, ನನ್ನ ಕೈಯಲ್ಲಿ ಒಂದು ಹೂವಿನ ಫ್ರಾಕು ಇಟ್ಟಳು. ಹೊಲಿಗೆಯವಳ ಅಭ್ಯಾಸ, ಬಟ್ಟೆ ಕೈಗೆ ಬಂದರೆ ಮೊದಲು ಒಳಮಗ್ಗುಲು ತಿರುಗಿಸುವುದು. ಬದಿಗೆ ಸಾಲಾಗಿ ಸಣ್ಣ ಸಣ್ಣ ತೂತು. ಚೀಲದ ದಾರ ಬಿಚ್ಚಿದ ಗುರುತು! "ಹಿಟ್ಟಿನ ಚೀಲ?" ಎಂದೆ. ಆಕೆಯ ಮುಖ ಅರಳಿತು. ಕಷ್ಟದ ಕಾಲದಲ್ಲಿ ಗಿರಣಿಯವರು ಚೀಲಗಳ ಮೇಲೆ ಹೂವು ಅಚ್ಚು ಹಾಕಿಸುತ್ತಿದ್ದರಂತೆ, ಹೆಂಗಸರು ಚೀಲ ಬಿಚ್ಚಿ ಮಕ್ಕಳಿಗೆ ಬಟ್ಟೆ ಹೊಲಿಯುತ್ತಿದ್ದರಂತೆ. ನಮ್ಮಮ್ಮನೂ ಮೈದಾ ಚೀಲದಲ್ಲಿ ನಮಗೆ ಒಳಲಂಗ ಹೊಲಿದದ್ದನ್ನು ಹೇಳಿದೆ. ಎಷ್ಟು ಒಗೆದರೂ ಗಿರಣಿಯ ಹೆಸರು ಹಿಂದುಗಡೆ ಹೋಗುತ್ತಿರಲಿಲ್ಲ ಎಂದೆ. ಆಕೆ ನಗುತ್ತ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ನಾನು ಹೊಸ್ತಿಲು ದಾಟಿ ಒಳಗೆ ಹೋದೆ.

ವಿಮಲೆ ಬೀರುವಿನ ಮುಂದೆ ನಿಂತಿದ್ದಳು. ಇನ್ನೊಬ್ಬ ವ್ಯಾಪಾರಿ ತೋರಿಸುತ್ತಿದ್ದ ಲೇಸಿನ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಕೂಡಲೇ ವಾಪಸು ಕೊಟ್ಟಳು.

"ಮೋಸ ಅಕ್ಕ," ಎಂದಳು ಕನ್ನಡದಲ್ಲಿ. "ಹೊಸ ಲೇಸನ್ನ ಟೀನಲ್ಲಿ ಡಿಪ್ ಮಾಡಿದಾರೆ, ಹಳೇದಾಗಿ ಕಾಣ್ಲಿ ಅಂತ. ಮುಟ್ಟಿದ್ರೆ ಗೊತ್ತಾಗುತ್ತೆ ನಂಗೆ."

ನಾನು ಸತ್ತವಳ ಮಂಚದ ಮೇಲೆ ಕೂತುಬಿಟ್ಟೆ. ಇಷ್ಟು ಬಲ್ಲವಳಿಗೆ ನನ್ನ ರಫೂ ಹೇಗೆ ಗೊತ್ತಾಗಲಿಲ್ಲ? ಅಮ್ಮನದು ಎಂದು ನಾನು ಹೇಳಿದ್ದೆನಲ್ಲ, ಅದಕ್ಕೇ ಅವಳು ಪರೀಕ್ಷೆ ಮಾಡಿರಲಿಲ್ಲ.

ಅವಳೂ ಬಂದು ಪಕ್ಕದಲ್ಲಿ ಕೂತಳು. "ನಿಂಗೆ ಅಸಹ್ಯ ಅನ್ಸುತ್ತೆ ಅಲ್ವಾ? ಇದೆಲ್ಲ ಯಾಕೆ ಶುರುವಾಯ್ತು ಅಂತ ಹೇಳ್ಲಾ? ಟೆಲಿಗ್ರಾಂ ಬಂದ ವಾರ. ಶ್ರೀನಾಥ್ ಕೆಲಸಕ್ಕೆ ಹೋಗಿದ್ರು. ಮನೇಲಿ ಇರಕ್ಕಾಗ್ಲಿಲ್ಲ, ಸುಮ್ನೆ ಡ್ರೈವ್ ಮಾಡ್ಕೊಂಡು ಹೋದೆ. ಒಂದು ಮನೆ ಮುಂದೆ ಬೋರ್ಡ್ ಹಾಕಿದ್ರು, ಜನ ಒಳಗೆ ಹೋಗ್ತಿದ್ರು. ನಾನೂ ಹೋದೆ. ಅವರಮ್ಮನ ಬೀರು ತೆಗೆದೆ ಅಕ್ಕ. ನುಸಿಗುಳಿಗೆ ವಾಸನೆ, ಪೌಡರ್ ವಾಸನೆ. ನಮ್ಮಮ್ಮನ ರೂಮಿಗೆ ಬರಕ್ಕಾಗ್ಲಿಲ್ಲ ನಂಗೆ, ಅವರಮ್ಮನ ರೂಮಲ್ಲಿ ನಿಂತ್ಕೊಂಡು ಅತ್ತೆ. ಯಾರೂ ಏನೂ ಕೇಳ್ಲಿಲ್ಲ. ಬರೀಗೈಲಿ ಬರಬಾರ್ದು ಅಂತ ಒಂದು ನೀಲಿ ಚುಕ್ಕಿ ಫ್ರಾಕ್ ತಗೊಂಡ್ ಬಂದೆ."

ನಾನು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೂ ತೆರೆದೆ. ಅಷ್ಟರಲ್ಲಿ ಮನೆಯ ಮಗಳು ಬಂದು ಆ ಹಿಟ್ಟಿನ ಚೀಲದ ಫ್ರಾಕನ್ನು ನನಗೆ ಸುಮ್ಮನೆ ಕೊಟ್ಟುಬಿಟ್ಟಳು, ತನ್ನಮ್ಮನಿಗೆ ಇದರಿಂದ ಸಂತೋಷವಾಗುತ್ತಿತ್ತು ಎಂದು. ನಾನು ಅಳುವುದನ್ನು ನೋಡಿ ಆಕೆಯೂ ಅತ್ತಳು. ಅವಳಿಗೇನು ಗೊತ್ತು ನನ್ನ ಅಳು ಯಾತರದ್ದೆಂದು.

ಅಟ್ಲಾಂಟಾ

ಅಟ್ಲಾಂಟಾದ ಹೊರಗೆ ಪೈನ್ ಮರಗಳ ನಡುವೆ ಸರೋಜಮ್ಮನವರ ಮನೆ. ಗಂಡ ಮೂರ್ತಿಯವರೂ ಡಾಕ್ಟರು. ಸುತ್ತಲಿನ ಏಳೆಂಟು ಕನ್ನಡದ ಮನೆಯವರೆಲ್ಲ ಸೇರಿದ್ದರು. ಗೌರಿಯನ್ನು ತಟ್ಟೆಯಲ್ಲಿ ಅರಿಶಿನದಿಂದ ಮಾಡಿದ್ದರು. ಬಾಗಿನಕ್ಕೆ ಮೊರ ಸಿಗದೆ ಬ್ರೆಡ್ಡು ಇಡುವ ಪ್ಲಾಸ್ಟಿಕ್ ಬುಟ್ಟಿ. ಕಡಲೆಬೇಳೆ ಒಬ್ಬಟ್ಟು ಮಾತ್ರ ನಮ್ಮಲ್ಲಿಗಿಂತ ಮೆತ್ತಗಿತ್ತು, ಸುಳ್ಳೇಕೆ. ಊದುಕಡ್ಡಿಯ ಹೊಗೆಗೆ ಬೆಂಕಿ ಬಿತ್ತೆಂದು ಗೋಡೆಯ ಮೇಲಿನ ಯಂತ್ರವೊಂದು ಕೂಗಿಕೊಂಡಿತು. ಮೂರ್ತಿಯವರು ಪಂಚೆ ಎತ್ತಿ ಕಟ್ಟಿ ಕುರ್ಚಿ ಹತ್ತಿ ಅದಕ್ಕೆ ಟವೆಲ್ಲಿನಿಂದ ಗಾಳಿ ಬೀಸಿದರು. ಪೂಜೆಯುದ್ದಕ್ಕೂ ಅವರದು ಅದೇ ಕೆಲಸ.

ವಿಮಲೆ ಆ ಸೀರೆ ಉಟ್ಟು ಹೊರಗೆ ಬಂದಳು.

ಎಲ್ಲರೂ ಸುತ್ತುವರಿದರು. "ನಮ್ಮಮ್ಮನ ಧಾರೆ ಸೀರೆ," ಎಂದು ಅವಳು ಒಬ್ಬೊಬ್ಬರಿಗೂ ಹೇಳಿದಳು. ಮೊಳೆಯ ಕಥೆ ಹೇಳಿದಳು. ರಫೂ ಮುಟ್ಟಿ ನೋಡಿ ಎಂದು ಸೆರಗು ನೀಡಿದಳು. ಸರೋಜಮ್ಮನ ಒಂಬತ್ತು ವರ್ಷದ ಮಗಳು ಅದರ ಮೇಲೆ ಕೈಯಾಡಿಸಿ, "ಅಜ್ಜಿ ಮಾಡಿದ್ದಾ ಇದು? ವೆರಿ ನೀಟ್," ಎಂದಳು.

ಸರೋಜಮ್ಮ ಕಣ್ಣೊರೆಸಿಕೊಂಡರು. "ಗೌರಿ ಹಬ್ಬಕ್ಕೆ ನಿಮ್ಮ ತಾಯಿನೇ ಬಂದಂಗಾಯ್ತು ವಿಮಲಾ. ನೀವು ಪುಣ್ಯ ಮಾಡಿದೀರಿ, ಇಂಥ ಅಕ್ಕ ಇದಾರೆ. ನನ್ನ ತಾಯಿದು ಒಂದು ಚೂರೂ ನಂಗೆ ಸಿಗ್ಲಿಲ್ಲ, ಅತ್ತಿಗೆ ಎಲ್ಲಾ ಹಂಚಿಬಿಟ್ರು."

ಮುತ್ತೈದೆಯರು ಬಾಗಿನ ಬದಲಾಯಿಸಿಕೊಳ್ಳುವಾಗ ನಾನು ಎಂದಿನಂತೆ ಪಕ್ಕಕ್ಕೆ ಸರಿದು ಕೂತಿದ್ದೆ. ಅದು ನನಗೆ ಅಭ್ಯಾಸ. ಅವತ್ತು ಮಾತ್ರ ಆ ಜಾಗ ನನಗೆ ತಕ್ಕದ್ದೇ ಎನ್ನಿಸಿತು.

ಬೆಳಿಗ್ಗೆ ಹೊರಡುವಾಗ ವಿಮಲೆ ಆ ರಟ್ಟಿನ ಪೆಟ್ಟಿಗೆಗಳನ್ನು ಕಾರಿನಲ್ಲಿ ಸರಿಪಡಿಸುತ್ತ ಹೇಳಿದಳು, "ಅಕ್ಕ, ಇದ್ರಲ್ಲಿ ಏನಿದೆ ಅಂತ ನೀನು ಕೇಳ್ಲೇ ಇಲ್ಲ. ನನ್ನ ಕಲೆಕ್ಷನ್ನಿನ ಬೆಸ್ಟ್ ಎಲ್ಲಾ ಇದೆ. ಷಾರ್ಲೆಟ್ಟಲ್ಲಿ ಡೋರಾ ಅಂತ ಇದಾರೆ, ಹಳೇ ಬಟ್ಟೆ ಅಂಗಡಿ. ಅವರಿಗೆ ಕೊಟ್ಬಿಡ್ತೀನಿ. ಮನೇಲಿರೋದನ್ನೂ ಆಮೇಲೆ ಕಳಿಸ್ತೀನಿ. ಇನ್ನು ಸಾಕು. ಬೇರೆಯವರ ಅಮ್ಮಂದಿರ ಬಟ್ಟೆ ಯಾಕೆ ನಂಗೆ? ನಮ್ಮಮ್ಮನ ಸೀರೆ ಬಂತಲ್ಲ."

ಷಾರ್ಲೆಟ್

ದಾರಿಯುದ್ದಕ್ಕೂ ಹತ್ತಿಗಿರಣಿಗಳು, ಅರ್ಧಕ್ಕರ್ಧ ಬೀಗ ಹಾಕಿದವು. ವಿಮಲೆ ತೋರಿಸುತ್ತಿದ್ದಳು, ನನಗೆ ಯಾವುದೂ ತಲೆಗೆ ಹೋಗಲಿಲ್ಲ. ಸುಮ್ಮನಿದ್ದರೆ ಏನು ನಷ್ಟ, ಅವಳು ಸಂತೋಷವಾಗಿದ್ದಾಳಲ್ಲ ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸಿಗೆ ಜಗುಲಿಯ ಮೇಲೆ ಅಂಚು ಹರಿದ ಸದ್ದೇ ಕೇಳಿಸುತ್ತಿತ್ತು. ಅಮ್ಮನದು ಕಳೆದವಳು ನಾನು. ಈಗ ಅಮ್ಮನ ಬದಲಿಗೆ ಇವಳು ಕೂಡಿಸಿಕೊಂಡದ್ದೂ ನನ್ನಿಂದಲೇ ಹೋಗುವುದೆ?

ಡೋರಾ ಎಂಬಾಕೆ ಎಪ್ಪತ್ತರ ಮುದುಕಿ. ತುಟಿಗೆ ಕೆಂಪು, ಕತ್ತಿಗೆ ಮುತ್ತು, ಕಾಲಿಗೆ ಕ್ಯಾನ್ವಾಸ್ ಶೂ. ಅಂಗಡಿಯಲ್ಲಿ ಹಳೆಯ ರೇಡಿಯೋ, ತಂಪು ಪಾನೀಯದ ತಗಡಿನ ಬೋರ್ಡು, ಗೋಡೆಯ ತುಂಬ ಗೌನು. ಪೆಟ್ಟಿಗೆ ತೆರೆದಾಗ ಆಕೆ ಎದೆ ಮೇಲೆ ಕೈಯಿಟ್ಟುಕೊಂಡಳು. ಖಂಡಿತಾ ಕೊಡುತ್ತೀಯಾ ಎಂದು ವಿಮಲೆಯನ್ನು ಎರಡು ಸಲ ಕೇಳಿದಳು. ವಿಮಲೆ ಒಂದೊಂದೇ ತೆಗೆದು ಕೌಂಟರಿನ ಮೇಲಿಟ್ಟಳು. ಕೊನೆಗೆ ನೀಲಿ ಚುಕ್ಕಿಯ ಫ್ರಾಕು ಬಂತು. ಅದನ್ನು ಒಂದು ಗಳಿಗೆ ಹಿಡಿದುಕೊಂಡು, ಡೋರಾಳ ಕಡೆಗೆ ನೀಡಿದಳು.

"ಕೊಡಬೇಡ ಕಣೇ," ಎಂದೆ.

"ಪರವಾಗಿಲ್ಲ ಅಕ್ಕ. ನಂಗೇನೂ ಬೇಜಾರಿಲ್ಲ."

"ವಿಮಲಾ, ಅದು ಅಮ್ಮನ ಸೀರೆ ಅಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಚುಕ್ಕಿ ಫ್ರಾಕನ್ನು ನೋಡಿ, ನನ್ನನ್ನು ನೋಡಿದಳು. ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಜರಿಯವನನ್ನು, ಬಿಂದಿಗೆಯನ್ನು, ನಂಜನಗೂಡನ್ನು.

"ರಫೂ?" ಎಂದಳು.

"ನಾನೇ ಹರಿದೆ. ನಾನೇ ಹೊಲಿದೆ. ದಾರ ಡಿಕಾಕ್ಷನ್ನಲ್ಲಿ ಅದ್ದಿದೆ."

ಬೈಯಲಿ, ಕೈ ಎತ್ತಲಿ ಎಂದು ಕಾದೆ. ಅವಳು ಫ್ರಾಕನ್ನು ಮೆಲ್ಲಗೆ ಮಡಿಸತೊಡಗಿದಳು.

"ಯಾಕೆ ಹೇಳ್ದೆ?" ಎಂದಳು. "ಹೇಳಬಾರ್ದಾಗಿತ್ತು ಅಕ್ಕ. ಎರಡು ವಾರ ಅಮ್ಮ ಇದ್ಲು ನಂಗೆ. ನಿಂಗೆ ಭಾರ ಇಳೀಲಿ ಅಂತ ಹೇಳ್ಬಿಟ್ಯಲ್ಲ."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಮಕ್ಕಳಿಗೆ ಕಲಿಸಿದವಳು ನಾನು. ಡೋರಾಗೆ ನಮ್ಮ ಭಾಷೆ ಬಾರದು, ಏನಾಯಿತೆಂದೂ ಕೇಳಲಿಲ್ಲ. ಒಳಗಿನಿಂದ ಎರಡು ಗ್ಲಾಸು ತಣ್ಣನೆಯ ಸಿಹಿ ಟೀ ತಂದಿಟ್ಟು, ತಾನೇ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿ, ಕಾರಿನವರೆಗೂ ಹೊತ್ತು ತಂದಳು.

ವರ್ಜೀನಿಯಾದ ದಾರಿ

ಅಲ್ಲಿಂದ ಮುಂದೆ ವಿಮಲೆ ಬೇಕಾದಷ್ಟೇ ಮಾತಾಡಿದಳು. ಊಟ ಮಾಡ್ತೀಯಾ, ಕಿಟಕಿ ಹಾಕ್ಲಾ, ಅಷ್ಟೇ. ರಾತ್ರಿ ಉಳಿದುಕೊಂಡ ಕಡೆ ಗೋಡೆಗೆ ಮುಖ ಮಾಡಿ ಮಲಗಿದಳು. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ. ನನ್ನ ಬಾಯಿ ಗೊತ್ತಲ್ಲ, ಅಮೆರಿಕದ ಕಾಗದಪತ್ರಕ್ಕೋಸ್ಕರ ಅಮ್ಮನನ್ನು ಬಿಟ್ಟವಳು ನೀನು ಎಂದು ಅಂದೇಬಿಡುತ್ತಿದ್ದೆ. ಆ ಅವಕಾಶವನ್ನೂ ಅವಳು ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಹೆದ್ದಾರಿಯ ಬದಿಯ ತಂಗುದಾಣದಲ್ಲಿ ನಿಲ್ಲಿಸಿದಳು. ಮರದ ಮೇಜು, ಬೆಂಚು, ನಲ್ಲಿ. ಪಕ್ಕದ ಮೇಜಿನಲ್ಲಿ ಒಂದು ಸಂಸಾರ ಕಲ್ಲಂಗಡಿ ಹಣ್ಣಿಗೆ ಉಪ್ಪು ಉದುರಿಸಿಕೊಂಡು ತಿನ್ನುತ್ತಿತ್ತು. ಸರೋಜಮ್ಮ ಕಟ್ಟಿಕೊಟ್ಟಿದ್ದ ಒಬ್ಬಟ್ಟನ್ನು ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ಅಕ್ಕ, ಒಂದು ಕೇಳ್ತೀನಿ. ನಾನು ಬರಲಿಲ್ಲ ಅನ್ನೋ ಕೋಪಕ್ಕೆ ನೀನು ಅಮ್ಮನ ಸೀರೆ ಹರಿಸಿದ್ದು ಅಂದ್ರೆ ನಾನು ನಂಬಲ್ಲ. ನೀನು ಹಳೇ ಗುಂಡಿ ಕೂಡ ಎತ್ತಿಡೋಳು. ಏನಾಯ್ತು ಅಲ್ಲಿ? ಎರಡು ವರ್ಷದಿಂದ ನಿನ್ನ ಕಾಗದದಲ್ಲಿ ಅಮ್ಮ ಹೋದ್ಲು ಅಂತ ಒಂದೇ ಲೈನು. ಸೀರೆ ಹೋಗ್ಲಿ. ಅಮ್ಮ ಹೇಗೆ ಹೋದ್ಲು ಅನ್ನೋದನ್ನಾದ್ರೂ ಕೊಡು ನಂಗೆ."

ನಾನು ಯಾರಿಗೂ ಹೇಳದೆ ನುಂಗಿಕೊಂಡಿದ್ದು ಅದೊಂದೇ.

"ಅಮ್ಮಂಗೆ ಕೊನೇ ತಿಂಗಳು ಕಣ್ಣು ಮಂಜಾಗಿತ್ತು," ಎಂದೆ. "ಜ್ಞಾನ ಬರೋದು ಹೋಗೋದು. ಒಂದು ದಿನ ಗಂಜಿ ತಗೊಂಡು ಹೋದ್ರೆ, 'ವಿಮಲಾ, ಬಂದ್ಯಾ?' ಅಂದ್ಲು. ಅಲ್ಲಮ್ಮ, ನಾನು ನಾಗು ಅಂದೆ. ಮುಖ ಹೇಗಾಯ್ತು ಅಂದ್ರೆ ನೋಡಕ್ಕಾಗ್ಲಿಲ್ಲ ಕಣೇ. ಗಂಜಿ ಕುಡೀಲಿಲ್ಲ. ಮಾರನೇ ದಿನಾನೂ ಅದೇ ಕೇಳಿದ್ಲು. 'ಬಂದೆ ಅಮ್ಮ' ಅಂದ್ಬಿಟ್ಟೆ. ಎದ್ದು ಕೂತು ಕುಡಿದ್ಲು. ಆಮೇಲೆ ಕೊನೇವರೆಗೂ ನಾನು ನೀನೇ ಆಗಿದ್ದೆ. ಮೈ ಒರೆಸಿದ್ದು ನಾನು, ಹೊರಳಿಸಿದ್ದು ನಾನು, ಅಮ್ಮ ತಲೆ ಸವರಿ 'ನನ್ನ ವಿಮಲಾ ಅಷ್ಟು ದೂರದಿಂದ ಬಂದ್ಲು' ಅಂತಿದ್ಲು. ಧಾರೆ ಸೀರೆ ನೀನೇ ಉಟ್ಕೋ ಅಂತ ನನ್ನ ಕೈಗೇ ಕೊಟ್ಲು, ನಿನ್ನ ಹೆಸರು ಹೇಳಿ. ಎಲ್ಲಾ ಮುಗಿದ್ಮೇಲೆ ಆ ಸೀರೆ ನೋಡಿದ್ರೆ ನಂಗೆ ಮೈ ಉರೀತಿತ್ತು. ಅದಕ್ಕೇ ಕೊಟ್ಟೆ."

ವಿಮಲೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೂತಿದ್ದಳು. ಪಕ್ಕದ ಮೇಜಿನವರು ಎದ್ದು ಹೋದ ಮೇಲೆ, "ಹಾಗಾದ್ರೆ ಅಮ್ಮನ ಲೆಕ್ಕದಲ್ಲಿ ನಾನು ಬಂದಿದ್ದೆ," ಎಂದಳು.

"ಬಂದಿದ್ದೆ ಕಣೇ. ಕೊನೇ ಗುಟುಕು ನೀರೂ ನಿನ್ನ ಕೈಯಿಂದ್ಲೇ ಕುಡಿದ್ಲು."

ಅವಳು ಮೇಜು ಬಳಸಿ ಈಚೆ ಬಂದು ನನ್ನ ಪಕ್ಕ ಕೂತಳು, ನನ್ನ ಕೈ ಹಿಡಿದುಕೊಂಡಳು. ಮದುವೆಯಾಗಿ ಹೋದ ಮೇಲೆ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು.

"ನಿನ್ನ? ನಿನ್ನನ್ನ ಕೇಳ್ಲೇ ಇಲ್ವಾ ಅಕ್ಕ ಅಮ್ಮ?"

"ಕೇಳಿದ್ಲು," ಎಂದೆ. "ದಿನಾ ಸಾಯಂಕಾಲ ಕೇಳೋಳು. 'ನಾಗು ಎಲ್ಲೇ ವಿಮಲಾ, ಇನ್ನೂ ಬರ್ಲಿಲ್ವಲ್ಲ' ಅಂತ. ಸ್ಕೂಲಿಗೆ ಹೋಗಿದಾಳಮ್ಮ, ಈಗ ಬರ್ತಾಳೆ ಅಂತಿದ್ದೆ. 'ಪಾಪ, ಸುಸ್ತಾಗಿ ಬರ್ತಾಳೆ, ಅವಳಿಗೆ ಬಿಸಿಯಾಗಿ ಏನಾದ್ರೂ ಮಾಡಿಡು' ಅನ್ನೋಳು. ಅಮ್ಮ, ನಾನೇ ನಾಗು, ಇಲ್ಲೇ ಇದೀನಿ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ ಕಣೇ. ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ."

ಕೊನೆಯ ದಿನವೂ ಅಮ್ಮ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಸ್ಕೂಲು ಬಿಟ್ಟು ನಾನು ಬರಲೇ ಇಲ್ಲ.